ಕಿತ್ತಿಕೋ, ಹಚ್ಚಿಕೋ: ಕೂಸನೂರಿನ ನೂರು ಸಸಿ

ಧಾರವಾಡ ಸೀಮೆಯಲ್ಲಿ ಗಿಡ ನೆಡುವುದಿಲ್ಲ, ಹಚ್ಚುತ್ತಾರೆ. ಹಳೇ ಮೈಸೂರಿನ ಕಿವಿಗೆ ಹಚ್ಚುವುದೆಂದರೆ ದೀಪ, ಇಲ್ಲವೇ ಗಾಯಕ್ಕೆ ಅರಿಸಿನ. ಆ ಕಡೆ ಬದನೆ ಸಸಿಯನ್ನೂ ಹಚ್ಚುತ್ತಾರೆ, ಮಾವನ್ನೂ ಹಚ್ಚುತ್ತಾರೆ. ನಾವು ಮರ ಅನ್ನುವ ಹುಣಸೆ ಅಲ್ಲಿ ಎಷ್ಟೇ ಎತ್ತರ ಬೆಳೆದರೂ ಗಿಡವೇ. ಅದೇ ಮಾತಿಗೆ ಒಂದು 'ಕೊಳ್ಳು' ಸೇರಿದರೆ ಇನ್ನೊಂದು ಅರ್ಥ ಹೊರಡುತ್ತದೆ, ಅದು ಎರಡೂ ಸೀಮೆಗೆ ಒಂದೇ. ಕೂಸು ಅಜ್ಜಿಯನ್ನು ತುಂಬಾ ಹಚ್ಚಿಕೊಂಡಿದೆ ಅನ್ನುತ್ತೇವಲ್ಲ, ಆ ಅರ್ಥ. ಕೀಳುವುದಕ್ಕೂ ಹೀಗೇ ಎರಡು ಮುಖ. ಕಳೆ ಕೀಳುವುದು ಬೇಸಾಯ, ಕಿತ್ತುಕೊಳ್ಳುವುದು ದರೋಡೆ.

ಈ ಎರಡು ಕ್ರಿಯಾಪದಗಳನ್ನು ಜೋಡಿಸಿ ಯಾರೋ ಒಂದು ಚಳವಳಿಗೆ ಹೆಸರಿಟ್ಟರು: ಕಿತ್ತಿಕೋ-ಹಚ್ಚಿಕೋ. 1987ರ ನವೆಂಬರ್ 14ರ ಶನಿವಾರ, ಆಗಿನ ಧಾರವಾಡ ಜಿಲ್ಲೆಯ, ಈಗಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕೂಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿ ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಬೇರೆ ಗಿಡ ಹಚ್ಚಿದರು. ಲೆಕ್ಕಕ್ಕೆ ಏನೂ ಅಲ್ಲದ ಕೆಲಸ. ತಲೆಗೊಂದು ಸಸಿಯೂ ಬರಲಿಲ್ಲ. ಆದರೆ ಸರ್ಕಾರವೇ ಪಾಲುದಾರನಾಗಿದ್ದ ಒಂದು ಕಂಪನಿ ಏಳು ವರ್ಷಕ್ಕೇ ಬಾಗಿಲು ಹಾಕುವಂತೆ ಮಾಡಿದ ಸರಣಿಯಲ್ಲಿ ಆ ನೂರು ಸಸಿಗಳದ್ದೂ ಒಂದು ಕೊಂಡಿ.

ಕಂಪನಿಯ ಹೆಸರು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್. ಅದು ಹುಟ್ಟಿದ್ದೂ ಒಂದು ನವೆಂಬರ್ 14ರಂದೇ, 1984ರಲ್ಲಿ. ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ವಾರವಾಗಿತ್ತು. ದೇಶದ ಗಮನವೆಲ್ಲ ದೆಹಲಿಯ ಕಡೆಗಿತ್ತು. ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಹರಿಹರ ಪಾಲಿಫೈಬರ್ಸ್ ಎಂಬ ಬಿರ್ಲಾ ಬಳಗದ ಕಾರ್ಖಾನೆಯೊಂದಿಗೆ ಕೈಕುಲುಕಿತು. ಹೊಸ ಕಂಪನಿಯಲ್ಲಿ ಸರ್ಕಾರದ್ದು ಶೇಕಡ 51 ಪಾಲು, ಕಾರ್ಖಾನೆಯದ್ದು 49. ಹೊರಗಿನಿಂದ ನೋಡಿದವರಿಗೆ ಸರ್ಕಾರದ ಕೈಯೇ ಮೇಲು. ಒಳಗಿನ ಕರಾರು ಓದಿದರೆ ಬಣ್ಣ ಬೇರೆ. ಧಾರವಾಡ, ಶಿವಮೊಗ್ಗ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರ್ ಜಮೀನನ್ನು ಕಂಪನಿಗೆ 40 ವರ್ಷದ ಗುತ್ತಿಗೆಗೆ ಕೊಡುವುದು. ಅದರಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರ ಬೆಳೆಸುವುದು. ಬೆಳೆದದ್ದರಲ್ಲಿ ಶೇಕಡ 87.5 ಭಾಗ ಹರಿಹರದ ಕಾರ್ಖಾನೆಗೆ. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ರೂಪಾಯಿಗೆ ಹದಿನಾಲ್ಕಾಣೆ ಕಾರ್ಖಾನೆಗೆ, ಮಿಕ್ಕವರಿಗೆಲ್ಲ ಸೇರಿ ಎರಡಾಣೆ. ನೆಲದ ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಎಲ್ಲ ಕೂಡಿದರೂ ಮುಕ್ಕಾಲು ಲಕ್ಷ ರೂಪಾಯಿ ಆಗುವುದಿಲ್ಲ. ಗಿಡ ಬೆಳೆಸಲು ಬೇಕಾದ ಸಾಲ ರಾಷ್ಟ್ರೀಕೃತ ಬ್ಯಾಂಕುಗಳದ್ದು, ಅದಕ್ಕೆ ಜಾಮೀನು ಸರ್ಕಾರದ್ದು. ಸಾಲದ ಹಿಂದೆ ನಿಂತವರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಗೆಂದೇ ಹುಟ್ಟಿದ ನಬಾರ್ಡ್ ಕೂಡ ಇತ್ತು.

ಇಂಥ ಔದಾರ್ಯ ಹೊಸದೇನೂ ಅಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿದ್ದರು. ಬುಟ್ಟಿ ಹೆಣೆಯುವವನು ಅದೇ ಬಿದಿರನ್ನು ಪೇಟೆಯ ಬೆಲೆ ತೆತ್ತು ಕೊಳ್ಳಬೇಕಿತ್ತು. ಬಿದಿರು ಕಾಡಿನ ಮಾಲು, ಕಾಡು ಇಲಾಖೆಯದು ಎಂಬ ನೆವವಾದರೂ ಅಲ್ಲಿತ್ತು. ಈ ಸಲ ಕೈ ಹಾಕಿದ್ದು ಊರಿನ ಮಗ್ಗುಲಿಗೆ.

ಸರ್ಕಾರದ ಕಡತದಲ್ಲಿ ಆ ನೆಲದ ಹೆಸರು ಸಿ ಮತ್ತು ಡಿ ದರ್ಜೆಯ ಜಮೀನು. ಭಾಷಣಗಳಲ್ಲಿ ಅದು ಬಂಜರು, ಪಾಳುಭೂಮಿ. 1985ರಲ್ಲಿ ಕೇಂದ್ರವೂ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಕಟ್ಟಿ, ವರ್ಷಕ್ಕೆ 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಬೆಳೆಸುವ ಗುರಿ ಇಟ್ಟುಕೊಂಡಿತು. ಪಾಳು ಎಂಬ ಮಾತಿಗೆ ಆಗ ಒಳ್ಳೆಯ ಬೆಲೆ ಬಂದಿತ್ತು. ಊರವರ ಬಾಯಲ್ಲಿ ಮಾತ್ರ ಆ ಜಾಗಕ್ಕೆ ಬೇರೆ ಬೇರೆ ಹೆಸರು: ಗಾಯರಾಣ, ಗೋಮಾಳ, ಗುಡ್ಡ, ಅಡವಿ. ಮುಂಬಯಿ ಪ್ರಾಂತ್ಯದ ಕಾಲದಿಂದ ಬಂದ ಗಾಯರಾಣ ಎಂಬ ಮಾತಿನಲ್ಲೇ ದನವಿದೆ. ಕಂದಾಯ ನಿಯಮ ಕೂಡ ನೂರು ದನಕ್ಕೆ 12 ಹೆಕ್ಟೇರ್ ಮೇವಿನ ನೆಲ ಬಿಡಬೇಕೆಂದು ಹೇಳುತ್ತದೆ. ಅಂದರೆ ಪಾಳು ಎಂದವರ ಪುಸ್ತಕದಲ್ಲೇ ಅದು ಪಾಳಲ್ಲ ಎಂಬ ಸಾಕ್ಷಿ ಇತ್ತು.

ಅಲ್ಲಿ ಏನಿತ್ತು ಎಂದು ಕೇಳಿದರೆ ಪೇಟೆಯವರಿಗೆ ತೋರಿಸಲು ಹೆಚ್ಚೇನೂ ಸಿಗದು. ಕುರುಚಲು, ಕಲ್ಲು, ಮಳೆಗಾಲದಲ್ಲಿ ಎದ್ದು ಬೇಸಿಗೆಗೆ ಒಣಗುವ ಕರಡ. ಒಲೆಯ ಮುಂದೆ ಕೂತವರನ್ನು ಕೇಳಿದರೆ ಪಟ್ಟಿ ಉದ್ದವಾಗುತ್ತದೆ. ರೊಟ್ಟಿ ಬಡಿಯಬೇಕಾದರೆ ಕಟಗಿ ಅಲ್ಲಿಂದ. ಬೇಲಿಗೆ, ಗುಡಿಸಲಿನ ತಟ್ಟಿಗೆ ಬಂದರಿಕೆ ಅಲ್ಲಿಂದ. ಊಟದ ಎಲೆಗೆ ಮುತ್ತಲ, ಕಸಬರಿಗೆಗೆ ಹುಲ್ಲು, ನೇಗಿಲಿನ ಮೇಳಿಗೆ ಜಾಲಿ, ಮಕ್ಕಳ ಬಾಯಿಗೆ ಕವಳಿಹಣ್ಣು, ಬಾರಿಹಣ್ಣು. ಆಡು ಕುರಿ ಇರುವವನಿಗೆ ಅದೇ ಆಸ್ತಿ. ಹೊಲ ಇದ್ದವನಿಗೆ ದಂಟು, ಕಣಕಿಯ ಬಣವೆ ಇರುತ್ತದೆ, ಮನೆ ಹಿತ್ತಲಲ್ಲಿ ನಾಲ್ಕು ಗಿಡವಿರುತ್ತದೆ. ಹೊಲವಿಲ್ಲದವನ ಹಿತ್ತಲು ಗಾಯರಾಣವೇ. ಊರ ನೆಲ ಎಲ್ಲರದ್ದು ಎನ್ನುವಾಗ ಈ ವ್ಯತ್ಯಾಸವನ್ನು ಮರೆಯಬಾರದು. ಮುಂದೆ ಇದೇ ಮಾತು ಮತ್ತೆ ಬರುತ್ತದೆ.

ಇಂಥ ಕಡೆ ನೀಲಗಿರಿ ಹಾಕಿದರೆ ಏನಾಗುತ್ತದೆ? ಆ ಮರದ ಮೇಲೆ ನಮ್ಮಲ್ಲಿ ದಶಕಗಟ್ಟಲೆ ಜಗಳ ನಡೆದಿದೆ: ಅಂತರ್ಜಲ ಹೀರುತ್ತದೆ, ಇಲ್ಲ ಹೀರುವುದಿಲ್ಲ, ನೆಲ ಸತ್ವ ಕಳೆದುಕೊಳ್ಳುತ್ತದೆ, ಇಲ್ಲ ಕಳೆದುಕೊಳ್ಳುವುದಿಲ್ಲ. ಅದೆಲ್ಲ ವಿಜ್ಞಾನಿಗಳಿಗೆ ಬಿಟ್ಟರೂ ಒಂದು ಸಂಗತಿಯಲ್ಲಿ ಎರಡು ಮಾತಿಲ್ಲ. ಅದರ ಎಲೆಗೆ ದನ ಬಾಯಿ ಹಾಕುವುದಿಲ್ಲ, ಎಲ್ಲಕ್ಕೂ ಬಾಯಿ ಹಾಕುವ ಆಡೂ ಹಾಕುವುದಿಲ್ಲ. ಇಲಾಖೆಯವರ ಕಣ್ಣಿಗೆ ಇದು ದೊಡ್ಡ ಗುಣ, ಬೇಲಿ ಬೇಡ, ಕಾವಲು ಬೇಡ. ದನ ಮೇಯಿಸುವವನಿಗೆ ಅದೇ ದೊಡ್ಡ ದೋಷ. ಕಾರ್ಖಾನೆಗೆ ಮಾತ್ರ ಅದು ಎಳೆಯಾಗುವ ಮರ: ತೊಗಟೆ ಸುಲಿದು, ಚೂರು ಮಾಡಿ, ರಾಸಾಯನಿಕದಲ್ಲಿ ಬೇಯಿಸಿ ತಿರುಳು ತೆಗೆದರೆ ರೇಯಾನ್ ನೂಲು. ಬಟ್ಟೆಯಾಗುವ ಮರವೆಂದರೆ ಹತ್ತಿ ಬೆಳೆಯುವ ಸೀಮೆಯವರಿಗೆ ಸೋಜಿಗವಾಗಿದ್ದಿರಬೇಕು.

ನೀಲಗಿರಿ ನೆಟ್ಟರೆ ಬಯಲಿಗೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ರಾಣೆಬೆನ್ನೂರೇ ಸಾಕ್ಷಿ. ಅಲ್ಲಿಯ ಹುಲ್ಲುಗಾವಲಿನಲ್ಲಿ ಚಿಗರಿ ಎನ್ನುವ ಕೃಷ್ಣಮೃಗಗಳಿದ್ದವು, ಎರೆಭೂತ ಎಂದು ಕರೆಯುವ ಆ ದೊಡ್ಡ ನೆಲಹಕ್ಕಿಯೂ ಇತ್ತು. 1974ರಲ್ಲಿ 119 ಚದರ ಕಿಲೋಮೀಟರ್ ಜಾಗವನ್ನು ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಅದೇ ಬಯಲಿನ ತುಂಬ ನೀಲಗಿರಿ ತೋಪು ಎದ್ದಿತು. ತೆರೆದ ಬಯಲಲ್ಲಿ ದೂರದವರೆಗೆ ಕಣ್ಣು ಹಾಯಿಸಿ ಬದುಕುವ ಪ್ರಾಣಿ ಚಿಗರಿ. ತೋಪಿನ ಸಾಲುಗಳಲ್ಲಿ ಅಡಗುವುದು, ಕತ್ತಲಾದ ಮೇಲೆ ಪಕ್ಕದ ಹೊಲಕ್ಕೆ ಇಳಿಯುವುದು ಅದರ ಹೊಸ ಬಾಳಾಯಿತು. ಎರೆಭೂತಕ್ಕೆ ಆ ಉಪಾಯವೂ ಒಗ್ಗಲಿಲ್ಲ, ಅದು ಅಲ್ಲಿಂದ ಕಾಣೆಯಾಯಿತು. ದನಕ್ಕೆ ಮೇವಿಲ್ಲದ ಕಡೆ ಚಿಗರಿಗೂ ಮೇವಿಲ್ಲ ಎಂಬುದನ್ನು ತಿಳಿಯಲು ದೊಡ್ಡ ಓದು ಬೇಕಾಗಿರಲಿಲ್ಲ.

ಈಗ ಹೊಳೆಯ ಕಡೆ ಬರಬೇಕು. ಹರಿಹರದ ಆಚೆ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, 1970ರ ದಶಕದಿಂದ ಈ ಕಾರ್ಖಾನೆ ನಡೆಯುತ್ತಿತ್ತು. ತುಂಗಭದ್ರೆಯ ನೀರು ಕುಡಿದು, ತನ್ನ ಕೊಳೆಯನ್ನು ತುಂಗಭದ್ರೆಗೇ ಬಿಡುತ್ತಿತ್ತು. ಕೆಳಗಿನ ಊರುಗಳಲ್ಲಿ ಮೀನು ಸತ್ತು ತೇಲಿದವು. ಹೊಳೆಯಲ್ಲಿ ಮಿಂದವರಿಗೆ ತುರಿಕೆ, ನೀರು ಕುಡಿದ ದನಕ್ಕೆ ಕಾಯಿಲೆ. ಈ ದೂರುಗಳನ್ನು ಕೈಗೆತ್ತಿಕೊಂಡವರು ಸಮಾಜ ಪರಿವರ್ತನ ಸಮುದಾಯದವರು. ಅದರ ಮುಂದಾಳು ಎಸ್.ಆರ್. ಹಿರೇಮಠರು ಅಮೆರಿಕದಲ್ಲಿದ್ದ ನೌಕರಿ ಬಿಟ್ಟು 1979ರಲ್ಲಿ ಊರ ಕಡೆಗೆ ಮರಳಿ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಸುತ್ತ ಹಳ್ಳಿಗಳಲ್ಲಿ ಕೆಲಸ ಹಿಡಿದಿದ್ದರು. ಹೊಳೆಯ ಹೊಲಸಿನ ಜಗಳ ಮಾಡುತ್ತಿದ್ದವರಿಗೆ ಅದೇ ಕಾರ್ಖಾನೆ ಗುಡ್ಡವನ್ನೂ ಹಿಡಿಯುತ್ತಿದೆ ಎಂಬ ಸುದ್ದಿ ಬಂತು. ನೀರಿನ ಕೊನೆಯಲ್ಲಿದ್ದ ಮೀನುಗಾರ, ಗುಡ್ಡದ ಬುಡದಲ್ಲಿದ್ದ ಕುರಿಗಾಹಿ, ಇಬ್ಬರ ಎದುರಾಳಿ ಒಬ್ಬನೇ ಎಂದಾಯಿತು. ಚಳವಳಿಗೆ ಇದಕ್ಕಿಂತ ಒಳ್ಳೆಯ ಬುನಾದಿ ಸಿಗುವುದಿಲ್ಲ.

ನೀಲಗಿರಿ ಕೀಳುವ ಉಪಾಯ ಮಾತ್ರ ಅವರದೇ ಅಲ್ಲ. ವಿಶ್ವಬ್ಯಾಂಕಿನ ಹಣದ ಸಾಮಾಜಿಕ ಅರಣ್ಯ ಯೋಜನೆ ಕಾಲಿಟ್ಟ 1983ರಲ್ಲೇ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ, ಮಾವಿನ ಬೀಜ ಊರಿದ್ದರು. ಅದೇ ವರ್ಷದ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಗುತ್ತಿಗೆದಾರನ ಕೊಡಲಿಗೆ ಅಡ್ಡವಾಗಿ ಮರ ಅಪ್ಪಿ ನಿಂತರು. ಗಢವಾಲದ ಚಿಪ್ಕೋ ಅಲ್ಲಿ ಅಪ್ಪಿಕೋ ಆಯಿತು. ಹಾನಗಲ್ಲಿನಿಂದ ಶಿರಸಿ ದೂರದ ಊರಲ್ಲ, ಸುದ್ದಿಯೂ ಹೆಸರೂ ನಡೆದು ಬಂದವು. ಅಪ್ಪಿಕೋಗೆ ಪ್ರಾಸ ಕೂಡುವ ಹಾಗೆ ಕಿತ್ತಿಕೋ-ಹಚ್ಚಿಕೋ ಎಂದದ್ದರಲ್ಲಿ ಆ ನೆಂಟಸ್ತಿಕೆ ಕೇಳಿಸುತ್ತದೆ. ಆದರೆ ಎರಡರ ಸ್ವಭಾವ ಬೇರೆ. ಇರುವ ಮರವನ್ನು ಅಪ್ಪುವುದು ಸುಲಭಕ್ಕೆ ಮನಸ್ಸಿಗೆ ಮುಟ್ಟುವ ಚಿತ್ರ. ಇಲ್ಲಿ ಕೀಳಬೇಕಾಗಿದ್ದದ್ದು ಒಂದು ಹಸಿರು ಗಿಡವನ್ನೇ. ಪರಿಸರ ಉಳಿಸುತ್ತೇವೆ ಅನ್ನುವವರು ಸಸಿ ಕೀಳುತ್ತಾರಂತೆ ಎಂದು ಆಡಿಕೊಳ್ಳಲು ಎದುರಿನವರಿಗೆ ಆಯಾಸವಿರಲಿಲ್ಲ. ಅದಕ್ಕೇ ಹೆಸರಿನ ಎರಡನೆಯ ಅರ್ಧ ಅಲಂಕಾರವಲ್ಲ, ಉತ್ತರ. ಮರ ಬೇಡ ಎನ್ನುತ್ತಿಲ್ಲ. ಯಾರ ಮರ, ಯಾವ ಮರ ಎಂದು ಕೇಳುತ್ತಿದ್ದೇವೆ.

ಬೀದಿಗಿಂತ ಮೊದಲು ಕೋರ್ಟು ಬಂತು. 1986ರ ಕೊನೆಗೆ ಸಮುದಾಯದವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಒಯ್ದರು. ಅರ್ಜಿದಾರರಲ್ಲಿ ಶಿವರಾಮ ಕಾರಂತರಿದ್ದರು, ಕನ್ನಡ ಪತ್ರಿಕೆಗಳ ಸಂಪಾದಕರೂ ಇದ್ದರು. ಕಾರಂತರಿಗೆ ಆಗ 84 ವರ್ಷ. ಬೇಡ್ತಿ ಅಣೆಕಟ್ಟಿನ ವಿರುದ್ಧ ದನಿ ಎತ್ತಿದ್ದ ಅವರು ಇನ್ನು ಮೂರು ವರ್ಷಕ್ಕೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆಯ ಚುನಾವಣೆಗೇ ನಿಲ್ಲುವವರಿದ್ದರು. ಕಾರಂತರ ಕಾದಂಬರಿ ಓದಿದವರಿಗೆ ಈ ಅರ್ಜಿಯಲ್ಲಿ ಅವರ ಹೆಸರು ಕಂಡು ಆಶ್ಚರ್ಯವಾಗಿರಲಾರದು. ಬೆಟ್ಟ, ಸೊಪ್ಪು, ಸೌದೆಗಳ ಲೆಕ್ಕವನ್ನು ಅವರಷ್ಟು ಹತ್ತಿರದಿಂದ ಬರೆದವರು ಕಡಿಮೆ. ಅರ್ಜಿ ಹೇಳಿದ್ದು ಇಷ್ಟು: ಕಂಪನಿಯ ಕೈಗೆ ಹೋಗುವ ನೆಲದ ಸುತ್ತ ಐದು ಲಕ್ಷ ಹಳ್ಳಿಗರಿದ್ದಾರೆ, ಅನಾದಿಯಿಂದ ಸೌದೆ, ಮೇವು, ಸಣ್ಣಪುಟ್ಟ ನಾಟಾಕ್ಕೆ ಅವರು ಆಶ್ರಯಿಸಿದ ಊರ ಜಮೀನನ್ನು ಒಬ್ಬ ಉದ್ಯಮಿಗೆ ಬರೆದುಕೊಡುವ ಹಕ್ಕು ಸರ್ಕಾರಕ್ಕಿಲ್ಲ. 1987ರ ಮಾರ್ಚ್ 24ರಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇನ್ನು ಹೊಸದಾಗಿ ಜಮೀನು ಹಸ್ತಾಂತರ ಮಾಡುವಂತಿಲ್ಲ.

ಕೊಟ್ಟದ್ದು ಕೊಟ್ಟದ್ದೇ ಆಗಿ ಉಳಿಯಿತು. ಅಲ್ಲಿ ನೀಲಗಿರಿ ಬೆಳೆಯುತ್ತಲೇ ಇತ್ತು. ಕಾಗದದ ಮೇಲಿನ ಗೆಲುವು ಹೊಲಗೇರಿಗೆ, ಕುರಿಹಟ್ಟಿಗೆ ತಲುಪಬೇಕಾದರೆ ಕಾಲ್ನಡಿಗೆ ಬೇಕು. ಬೇಸಿಗೆಯಿಂದ ಮಳೆಗಾಲದ ತನಕ ಹಳ್ಳಿಗಳಲ್ಲಿ ಸಭೆ, ಅಹಿಂಸೆಯ ತರಬೇತಿ ಶಿಬಿರ ನಡೆದವು. ಸತ್ಯಾಗ್ರಹ ಎಂದರೆ ಸಸಿ ಕಿತ್ತು ಓಡುವುದಲ್ಲ, ಪೊಲೀಸರು ಹಿಡಿದರೆ ಕೈ ಎತ್ತದೆ ಹೋಗುವುದು ಎಂದು ಹೇಳಿಕೊಡಬೇಕಿತ್ತು. 1930ರ ಅರಣ್ಯ ಸತ್ಯಾಗ್ರಹವನ್ನು ಕಣ್ಣಾರೆ ಕಂಡವರು ಈ ಸೀಮೆಯಲ್ಲಿ ಇನ್ನೂ ಇದ್ದ ಕಾಲ ಅದು. ಸರ್ಕಾರದ ಮರವನ್ನು ಹೇಳಿ ಕೇಳಿಯೇ ಕಡಿದು ಜೈಲಿಗೆ ಹೋಗುವುದು ಅವರಿಗೆ ಹೊಸ ಪಾಠವಾಗಿರಲಿಲ್ಲ. ಆಗ ಪರಂಗಿ ಸರ್ಕಾರ, ಈಗ ನಮ್ಮದೇ ಸರ್ಕಾರ, ಅಷ್ಟೇ ವ್ಯತ್ಯಾಸ.

ದಿನ ಆರಿಸಿದ್ದು ಕರಾರಿನ ಮೂರನೆಯ ವಾರ್ಷಿಕಕ್ಕೆ. ಅಂದು ಗಂಡಸರು, ಹೆಂಗಸರು, ಮಕ್ಕಳು ಕೂಸನೂರಿನ ಶಾಲೆಯ ಅಂಗಳದಲ್ಲಿ ಸೇರಿದರು. ಯಾರ ಮೇಲೂ ಕೈ ಮಾಡುವುದಿಲ್ಲ ಎಂದು ಪ್ರತಿಜ್ಞೆ ತೆಗೆದುಕೊಂಡರು. ವಾದ್ಯದವರು ಮುಂದೆ, ಬ್ಯಾನರು ಹಿಡಿದವರು ಹಿಂದೆ, ಘೋಷಣೆ ಕೂಗುತ್ತ ಮೆರವಣಿಗೆ ಕಂಪನಿ ನೀಲಗಿರಿ ಹಾಕಿದ್ದ ತಗಾದೆಯ ಜಾಗಕ್ಕೆ ಹೊರಟಿತು. ದೂರದಿಂದ ನೋಡಿದವರಿಗೆ ಜಾತ್ರೆಯೋ ದಿಬ್ಬಣವೋ ಎನಿಸಿರಬೇಕು. ಅಲ್ಲಿ ನೂರರಷ್ಟು ನೀಲಗಿರಿ ಸಸಿ ಕಿತ್ತರು. ಮನಸ್ಸು ಮಾಡಿದ್ದರೆ ಎರಡು ಸಾವಿರ ಜನ ಒಂದು ಹೊತ್ತಿನಲ್ಲಿ ಇಡೀ ತೋಪನ್ನೇ ಬೋಳು ಮಾಡಬಹುದಿತ್ತು. ನೂರಕ್ಕೆ ನಿಂತದ್ದರಲ್ಲಿ ಶಿಸ್ತಿದೆ. ಇದು ಸಿಟ್ಟಲ್ಲ, ಅರ್ಜಿ ಎಂದು ಹೇಳಿದ ಹಾಗೆ. ಆ ಕುಳಿಗಳಲ್ಲಿ ಹಣ್ಣಿಗೆ, ಮೇವಿಗೆ ಆಗುವ ಗಿಡ ಹಚ್ಚಿದರು. ಹೊರಡುವ ಮುಂಚೆ ಇನ್ನೊಂದು ಪ್ರತಿಜ್ಞೆ: ಹಚ್ಚಿದ ಗಿಡಕ್ಕೆ ನೀರು ಹಾಕಿ ಸಾಕುತ್ತೇವೆ.

ಈ ಎರಡನೆಯ ಪ್ರತಿಜ್ಞೆಯನ್ನು ವರದಿಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಅಂದಿನ ಎಲ್ಲಕ್ಕಿಂತ ಭಾರವಾಗಿ ಕಾಣುವುದು ಅದೇ. ನವೆಂಬರ್ ನಡುವೆ ಈ ಕಡೆ ಯಾರೂ ಗಿಡ ಹಚ್ಚುವುದಿಲ್ಲ. ಹಚ್ಚುವ ಹೊತ್ತು ಮುಂಗಾರು. ಮಿರಗ ಮಳೆ ಬಿದ್ದು ನೆಲ ನೆಂದ ಮೇಲೆ. ನವೆಂಬರಿಗೆ ಹಿಂಗಾರು ಕೂಡ ಗಂಟುಮೂಟೆ ಕಟ್ಟಿರುತ್ತದೆ. ಮುಂದೆ ಚಳಿ, ಆಮೇಲೆ ಮುಂಗಾರಿನ ತನಕ ಒಣ ಗಾಳಿ, ಬಿಸಿಲು. ಬಂದವರೆಲ್ಲ ಒಕ್ಕಲು ಮಕ್ಕಳು, ಇದು ಅವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಕರಾರಿನ ತಾರೀಕಿಗೆ ಸರಿಯಾಗಿ, ಗಿಡದ ಪಂಚಾಂಗಕ್ಕೆ ತಪ್ಪಾಗಿ ಹಚ್ಚುತ್ತಿದ್ದೇವೆ ಎಂದು ಗೊತ್ತಿದ್ದೇ ಹಚ್ಚಿದರು. ಅಂಥ ಸಸಿ ಬದುಕಬೇಕಾದರೆ ಕೊಡ ಹೊತ್ತು ಗುಡ್ಡ ಹತ್ತುವವರು ಬೇಕು. ಮನಸ್ಸಿಗೆ ಹಚ್ಚಿಕೊಳ್ಳದೆ ನೆಲಕ್ಕೆ ಹಚ್ಚಿ ಉಪಯೋಗವಿಲ್ಲ ಎಂಬುದು ಆ ಪ್ರತಿಜ್ಞೆಯಲ್ಲಿದ್ದ ಕಷ್ಟ.

ಮುಂದಿನ ವರ್ಷ ಗಾಳಿ ತಿರುಗಿತು. 1988ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆಯನ್ನು ಸಡಿಲಿಸಿ, ಇನ್ನೂ 3,000 ಹೆಕ್ಟೇರ್ ಕಂಪನಿಗೆ ಕೊಡಬಹುದೆಂದಿತು. ಕೋರ್ಟನ್ನೇ ನೆಚ್ಚಿ ಕೂತ ಚಳವಳಿಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಮುದಾಯದವರು ಮತ್ತೆ ಹಳ್ಳಿಗಿಳಿದು ಶಿಬಿರ ಶುರುಮಾಡಿದರು. ಆಗಸ್ಟ್‌ನಲ್ಲಿ ಇನ್ನೊಂದು ಕಿತ್ತಿಕೋ-ಹಚ್ಚಿಕೋ ಎಂದು ಸಾರಿದರು. ಈ ಬಾರಿ ಮಳೆಗಾಲ, ಕೀಳುವುದಕ್ಕೂ ಹಚ್ಚುವುದಕ್ಕೂ ಹದ. ಪತ್ರಿಕೆಗಳೂ ಬೆನ್ನು ಹತ್ತಿದ್ದವು. ಆಗಸ್ಟಿನ ಮೊದಲ ವಾರ ಸರ್ಕಾರವೇ ಮಾತುಕತೆಗೆ ಕರೆಯಿತು. ಒಂದೇ ಮೇಜಿನ ಸುತ್ತ ಸರ್ಕಾರ, ಕಂಪನಿ, ಕಾರ್ಖಾನೆ, ಚಳವಳಿಗಾರರು. ಸತ್ಯಾಗ್ರಹ ನಿಲ್ಲಿಸಿ, ಸಂಗತಿ ಪರಿಶೀಲಿಸೋಣ ಎಂಬ ಒಪ್ಪಂದವಾಯಿತು. ಅದೇ ತಿಂಗಳ 10ರಂದು ಟೆಲಿಫೋನ್ ಕದ್ದಾಲಿಕೆಯ ಆರೋಪದಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಅಪ್ಪಿಕೋ ಹುಟ್ಟಿದ ಜಿಲ್ಲೆಯವರೇ ಮುಖ್ಯಮಂತ್ರಿಯಾಗಿದ್ದಾಗ ಈ ಕರಾರಿಗೆ ಸಹಿ ಬಿದ್ದದ್ದನ್ನು ಚರಿತ್ರೆಯ ಕುಚೋದ್ಯವೆನ್ನಬೇಕು.

ಆಮೇಲಿನ ಮೂರು ವರ್ಷ ಕಡತದ ಓಡಾಟ. ಅದನ್ನು ವಿವರವಾಗಿ ಹೇಳಿದರೆ ಓದುವವರಿಗೆ ಆಕಳಿಕೆ ಬಂದೀತು. ಹೆಗಡೆಯವರ ನಂತರ ಬೊಮ್ಮಾಯಿ, ಆಮೇಲೆ ರಾಷ್ಟ್ರಪತಿ ಆಳ್ವಿಕೆ, ವೀರೇಂದ್ರ ಪಾಟೀಲ, ಬಂಗಾರಪ್ಪ. ಕುರ್ಚಿಯಲ್ಲಿ ಕೂತವರು ಬದಲಾಗುತ್ತಲೇ ಇದ್ದರು, ಅರ್ಜಿ ಹಿಡಿದು ಎದುರು ನಿಂತವರು ಬದಲಾಗಲಿಲ್ಲ. ಐವತ್ತಕ್ಕೂ ಹೆಚ್ಚು ಶಾಸಕರು ಕಂಪನಿಯನ್ನು ಮುಚ್ಚಿ ಎಂದು ಸಹಿ ಹಾಕಿ ಕೊಟ್ಟರು. ದೆಹಲಿಯಲ್ಲೂ ನೆಲ ಅದುರಿತ್ತು. 1988ರ ಕೊನೆಗೆ ಹೊರಬಂದ ರಾಷ್ಟ್ರೀಯ ಅರಣ್ಯ ನೀತಿ, ಉದ್ಯಮಗಳು ತಮಗೆ ಬೇಕಾದ ಮರವನ್ನು ರೈತರಿಂದ ಬೆಳೆಸಿಕೊಳ್ಳಬೇಕು, ಕಾಡಿನತ್ತ ಕೈ ಚಾಚಬಾರದು ಎಂದು ಬರೆಯಿತು. 1990ರ ಅಕ್ಟೋಬರ್‌ನಲ್ಲಿ ಕಂಪನಿ ಮುಚ್ಚುವ ತೀರ್ಮಾನವಾಯಿತು. 1991ರ ಸೆಪ್ಟೆಂಬರ್‌ನಲ್ಲಿ ಆಡಳಿತ ಮಂಡಳಿಯ ಸಭೆ ಅದಕ್ಕೆ ಮುದ್ರೆ ಒತ್ತಿತು. ನಲವತ್ತು ವರ್ಷಕ್ಕೆ ಬರೆದ ಗುತ್ತಿಗೆ ಏಳಕ್ಕೆ ಮುಗಿಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಗೆದ್ದವರ ಕಥೆ. ಗೆದ್ದದ್ದು ನಿಜ. ಸಮುದಾಯದವರು ಇದೇ ಪಟ್ಟು, ಇದೇ ದಾರಿ ಹಿಡಿದು ಮುಂದೆ 2009ರಲ್ಲಿ ಬಳ್ಳಾರಿಯ ಗಣಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2011ರಲ್ಲಿ ಅಲ್ಲಿ ಗಣಿಗಾರಿಕೆಗೆ ತಡೆ ಬಿತ್ತು, ನಾಡಿನ ರಾಜಕೀಯವೇ ಅಲುಗಿತು. ಸರ್ಕಾರವೂ ಒಂದು ಪಾಠ ಕಲಿತಂತೆ ತೋರಿಸಿಕೊಂಡಿತು. 1993ರಲ್ಲಿ ಗ್ರಾಮ ಅರಣ್ಯ ಸಮಿತಿಗಳ ಆದೇಶ ಬಂತು, ಊರವರನ್ನು ಕೂಡಿಸಿಕೊಂಡು ಕಾಡು ಬೆಳೆಸುವ ಮಾತು ಕಡತಕ್ಕೆ ಸೇರಿತು. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ಕರ್ನಾಟಕ ನಿಷೇಧಿಸಿತು. ಕೂಸನೂರಿನಲ್ಲಿ ಸಸಿ ಕಿತ್ತವರಲ್ಲಿ ಅದನ್ನು ಪತ್ರಿಕೆಯಲ್ಲಿ ಓದಿದವರಿಗೆ ಮೂವತ್ತು ವರ್ಷ ತಡವಾಗಿ ಬಂದ ರಸೀದಿಯ ಹಾಗೆ ಕಂಡಿರಬೇಕು.

ಆದರೆ ನೀಲಗಿರಿಯನ್ನು ಊರಿಗೆ ತಂದದ್ದು ಕಂಪನಿಯೊಂದೇ ಅಲ್ಲ. ಸಾಮಾಜಿಕ ಅರಣ್ಯದ ಸಸಿ ಪುಕ್ಕಟೆ ಸಿಕ್ಕಾಗ ಕೋಲಾರದ ಕಡೆ ದೊಡ್ಡ ಹಿಡುವಳಿದಾರರು ರಾಗಿ ಹೊಲಕ್ಕೇ ನೀಲಗಿರಿ ತುಂಬಿದರು. ಕೂಲಿಯ ಕಾಟವಿಲ್ಲ, ಕಳೆಯ ಕಾಟವಿಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿದು ಮಾರಿದರಾಯಿತು. ರಾಗಿ ಹೋದರೆ ಕೂಲಿಯೂ ಹೋಯಿತು, ರಾಗಿಹುಲ್ಲೂ ಹೋಯಿತು. ಅದನ್ನು ಯಾವ ಕೋರ್ಟೂ ತಡೆಯಲಿಲ್ಲ, ಯಾವ ಮೆರವಣಿಗೆಯೂ ಹೋಗಿ ಕೀಳಲಿಲ್ಲ; ಅವರವರ ಪಟ್ಟಾ ಜಮೀನು. ಊರು ಎಂದಾಗ ನಾವು ಒಂದೇ ಮೈ ಒಂದೇ ಮನಸ್ಸು ಎಂದು ಬರೆದುಬಿಡುತ್ತೇವೆ. ಹಾಗಿರಲಿಲ್ಲ. ಹೊರಗಿನ ಕಂಪನಿಯ ಎದುರು ನಿಂತ ದಿನ ಮಾತ್ರ ಹಾಗೆ ಕಂಡಿತು.

ಇನ್ನೊಂದು ತಾರೀಕನ್ನೂ ಇಲ್ಲೇ ಬರೆದಿಡಬೇಕು. ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಉಳುತ್ತಿರುವವರಿಗೆ ಅದನ್ನು ಸಕ್ರಮ ಮಾಡಿಕೊಡುವ ತಿದ್ದುಪಡಿ 1991ರಲ್ಲಿ ಜಾರಿಗೆ ಬಂತು. ಬಗರ್ ಹುಕುಂ ಎಂದು ನಾವು ಕರೆಯುವುದು ಇದನ್ನೇ. ಅದರ ಅರ್ಜಿ ನಮೂನೆ 50. ಆರು ತಿಂಗಳ ಗಡುವು ಮುಗಿದದ್ದು ಅದೇ ಸೆಪ್ಟೆಂಬರ್‌ನಲ್ಲಿ, ಕಂಪನಿಗೆ ಬಾಗಿಲು ಹಾಕಿದ ತಿಂಗಳಲ್ಲಿ. ಗಾಯರಾಣದ ಅಂಚನ್ನು ಹರಗಿ ಎರಡು ಎಕರೆ ಮಾಡಿಕೊಂಡ ಬಡವನೂ ಸಾಲಿನಲ್ಲಿದ್ದ, ಟ್ರ್ಯಾಕ್ಟರ್ ಬಿಟ್ಟು ಇಪ್ಪತ್ತು ಎಕರೆ ಸುತ್ತುಹಾಕಿದವನೂ ಇದ್ದ. ಒಬ್ಬನ ಹಸಿವು, ಇನ್ನೊಬ್ಬನ ಆಸೆ, ಎರಡಕ್ಕೂ ಒಂದೇ ನಮೂನೆ. ಆಮೇಲೆ ನಮೂನೆ 53 ಬಂತು, ಅದರ ಹಿಂದೆ ಮತ್ತೊಂದು. ಒಬ್ಬ ಉದ್ಯಮಿಗೆ ಸಾವಿರಾರು ಎಕರೆ ಕೊಡಬೇಡಿ ಎಂದು ಬೀದಿಗೆ ಬಂದ ಊರುಗಳಲ್ಲಿ, ತಹಸೀಲ್ದಾರರ ಕಚೇರಿಯ ಮುಂದೆ ಅದೇ ನೆಲಕ್ಕೆ ಎಕರೆ ಎಕರೆಯಾಗಿ ಜನ ಸಾಲು ನಿಂತರು. ಆಡು ಕುರಿಯವರು ಆ ಸಾಲಿನಲ್ಲಿ ಕಡಿಮೆ. ಅವರು ಉಳುವವರಲ್ಲ, ಮೇಯಿಸುವವರು. ಮೇಯಿಸಿದ್ದಕ್ಕೆ ಸಕ್ರಮ ಮಾಡಿಕೊಡುವ ನಮೂನೆ ಯಾವ ಕಚೇರಿಯಲ್ಲೂ ಅಚ್ಚಾಗಿರಲಿಲ್ಲ.